ಹಸಿ ಸೊಪ್ಪು ತಿನ್ನುವವರಲ್ಲ ನಾವು

ಊರವರ ರಕ್ತ, ಮೂತ್ರ, ಮಲ ನೋಡುವುದು ನನ್ನ ಕೆಲಸ. ಮದುವೆಮನೆಯ ಪಂಕ್ತಿಯಲ್ಲಿ ಯಾರಾದರೂ ಕೇಳಿದಾಗ ಹೀಗೆ ನೇರವಾಗಿ ಹೇಳಿದರೆ ಪಕ್ಕದ ಎಲೆಯವರು ಪಾಯಸ ಬಿಟ್ಟು ನನ್ನ ಮುಖ ನೋಡುತ್ತಾರೆ. ಕೇಳಿದ್ದು ಅವರೇ ತಾನೇ? ಇಪ್ಪತ್ತು ವರ್ಷಗಳಿಂದ ಸಿದ್ದಾಪುರದ ಒಬ್ಬ ವಯಸ್ಸಾದ ಡಾಕ್ಟರ ದವಾಖಾನೆಯ ಹಿಂದಿನ ಕೋಣೆಯಲ್ಲಿ, ಸೂಕ್ಷ್ಮದರ್ಶಕದ ಮುಂದೆ ಕೂತಿದ್ದೇನೆ. ಬೆಳಿಗ್ಗೆ ಕೋಲಸಿರ್ಸಿಯಿಂದ ಬಸ್ಸು ಹತ್ತುತ್ತೇನೆ, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ರಕ್ತ ಕೊಟ್ಟವರು ಕಿಟಕಿಯಲ್ಲಿ ಇಣುಕಿ, "ಏನಾದ್ರೂ ಕಾಣ್ತಾ ಅಕ್ಕಾ?" ಎಂದು ಕೇಳಿದರೆ, "ಕಂಡ್ರೆ ಡಾಕ್ಟ್ರು ಹೇಳ್ತಾರೆ, ಹೊರಗೆ ಹೋಗಿ ಕೂತ್ಕಳಿ" ಎಂದು ಗದರಿಸುತ್ತೇನೆ. ನನ್ನ ಬಾಯಿ ಜೋರು ಅಂತ ಪೇಟೆಗೆಲ್ಲ ಗೊತ್ತು. ಒಳಗೆ ಎಷ್ಟು ಪುಕ್ಕಲು ಅಂತ ಗೊತ್ತಾಗಿದ್ದು ನನಗೂ ಮಗಳು ಕಾಯಿಲೆ ಬಿದ್ದ ವರ್ಷವೇ.

ನನಗೆ ಒಬ್ಬಳೇ ಮಗಳು. ಆ ವರ್ಷ ಅವಳು ಪಿಯುಸಿ ಎರಡನೇ ವರ್ಷ. ಓದುವುದರಲ್ಲಿ ತೀರಾ ಮುಂದೂ ಅಲ್ಲ, ಹಿಂದೂ ಅಲ್ಲ. ಬಾಯಿಪಾಠ ಮಾಡಿದ್ದು ಮರುದಿನಕ್ಕೆ ಮರೆಯುತ್ತದೆ ಎಂದು ಅಳುತ್ತಿದ್ದಳು. ನಮ್ಮ ಕಡೆ ಇದಕ್ಕೆ ಎಲ್ಲರ ಮನೆಯಲ್ಲೂ ಇರುವ ಮದ್ದು ಒಂದೆಲಗ. ನೆನಪಿನ ಶಕ್ತಿಗೆ ಅದನ್ನು ಮೀರಿದ್ದಿಲ್ಲ ಎಂದು ನನ್ನ ಅಮ್ಮ ನನಗೂ ತಿನ್ನಿಸಿದ್ದಳು. ದೀಪಾವಳಿ ಕಳೆದ ಮೇಲೆ ನಾನು ಶುರುಮಾಡಿದೆ. ಮನೆಯ ಹಿಂದೆ ನಮ್ಮದೇ ಗದ್ದೆ, ಗದ್ದೆಯ ಅಂಚಿಗೆ ವರ್ಷದಲ್ಲಿ ಒಂಬತ್ತು ತಿಂಗಳು ನೀರು ಹರಿಯುವ ಕಾಲುವೆ, ಕಾಲುವೆಯ ಬದುವಿನ ಮೇಲೆ ಹಾಸಿ ಬೆಳೆದ ಒಂದೆಲಗ. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲು ಒಂದು ಹಿಡಿ ಕಿತ್ತು, ಅಲ್ಲೇ ಹರಿಯುವ ನೀರಿನಲ್ಲಿ ಜಾಲಿಸಿ, ಒರಳಿನಲ್ಲಿ ನುಣ್ಣಗೆ ಅರೆದು, ಜೇನು ಸೇರಿಸಿ ಉಂಡೆ ಮಾಡಿ, ಖಾಲಿ ಹೊಟ್ಟೆಗೆ ಅವಳ ಬಾಯಿಗೆ ಹಾಕಿಯೇ ನಾನು ಹೊರಡುತ್ತಿದ್ದುದು. ಬೇಯಿಸುವ ಪ್ರಶ್ನೆಯೇ ಇಲ್ಲ. ಬೇಯಿಸಿದರೆ ಗುಣ ಹೋಯಿತು. ಹರಿಯುವ ನೀರಿಗೆ ಮೈಲಿಗೆಯೂ ಇಲ್ಲ, ಅದು ಎಲ್ಲರಿಗೂ ಗೊತ್ತಿದ್ದ ವಿಷಯ.

"ಕಹಿ ಅಮ್ಮಾ, ವಾಕರಿಕೆ ಬರ್ತದೆ" ಎನ್ನುತ್ತಿದ್ದಳು.

"ಕಹಿ ಇದ್ರೇ ಮದ್ದು. ನುಂಗು."

ನುಂಗುತ್ತಿದ್ದಳು. ನಾನೂ ಅವಳ ಅಪ್ಪನೂ ತಿನ್ನುತ್ತಿರಲಿಲ್ಲ. ನಮಗೇನು ಪರೀಕ್ಷೆಯೇ?

ಸಂಕ್ರಾಂತಿ ಕಳೆದ ಮೇಲೆ ಅವಳಿಗೆ ಜ್ವರ ಬಂತು. ಮೊದಲು ಸಂಜೆ ಮಾತ್ರ, ಆಮೇಲೆ ಇಡೀ ದಿನ. ಮೈಮೇಲೆ ದಡಿದಡಿಯಾಗಿ ಪಿತ್ತದ ಗಂಧೆ ಏಳುತ್ತಿತ್ತು, ತುರಿಸಿ ತುರಿಸಿ ತೋಳು ಕೆಂಪಾಗುತ್ತಿತ್ತು. ಬಲಗಡೆ ಪಕ್ಕೆಲುಬಿನ ಕೆಳಗೆ ಕೈ ಒತ್ತಿಕೊಂಡು ಬಗ್ಗಿ ನಡೆಯುತ್ತಿದ್ದಳು. ಡಾಕ್ಟರು ಮೊದಲು ಸಾದಾ ಜ್ವರ ಎಂದರು, ಆಮೇಲೆ ಟೈಫಾಯಿಡ್ ಇರಬಹುದು ಎಂದರು, ಕೊನೆಗೆ "ರಕ್ತ ತೆಗಿ, ಪೂರಾ ನೋಡು" ಎಂದರು. ತೆಗೆದೆ. ಎಷ್ಟು ಜನರಿಗೆ ಸೂಜಿ ಚುಚ್ಚಿದ್ದೇನೋ ಲೆಕ್ಕವಿಲ್ಲ, ಅವತ್ತು ನರ ಸಿಗದೆ ಎರಡು ಸಲ ತಪ್ಪಿತು.

ರಕ್ತವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ನೋಡಿದರೆ ಬಿಳಿ ರಕ್ತಕಣಗಳಲ್ಲಿ ಒಂದು ಜಾತಿ ಕೇಸರಿ ಬಣ್ಣದ ಕಾಳು ತುಂಬಿಕೊಂಡು ಕಾಣುತ್ತದೆ. ಇಯೊಸಿನೊಫಿಲ್ ಅನ್ನುತ್ತಾರೆ. ನೂರು ಕಣ ಎಣಿಸಿದರೆ ಅವು ಎಲ್ಲೋ ನಾಲ್ಕೈದು ಸಿಗಬೇಕು. ಮಗಳ ರಕ್ತದಲ್ಲಿ ಎಲ್ಲಿ ನೋಡಿದರೂ ಅವೇ. ಐವತ್ತು ದಾಟಿದ ಮೇಲೆ ಎಣಿಸುವುದು ನಿಲ್ಲಿಸಿದೆ. ಗಾಜು ಬದಲಿಸಿದೆ, ಬಣ್ಣ ಹೊಸದು ಮಾಡಿದೆ, ಮತ್ತೆ ನೋಡಿದೆ. ಅದೇ. ಅಷ್ಟೊಂದು ಇದ್ದರೆ ರಕ್ತದ ಕ್ಯಾನ್ಸರೂ ಇರಬಹುದು ಎಂದು ಕಲಿಯುವಾಗ ಯಾರೋ ಹೇಳಿದ್ದು ತಲೆಗೆ ಬಂತು. ಏನೂ ತಿಳಿಯದವರಿಗೆ ಇಂಥ ಹೆದರಿಕೆ ಇಲ್ಲ, ಪೂರ್ತಿ ತಿಳಿದವರಿಗೂ ಇಲ್ಲ. ನನ್ನಂಥ ಅರೆಬರೆ ಕಲಿತವರ ಕಷ್ಟ ಯಾರಿಗೂ ಬೇಡ.

ಡಾಕ್ಟರು ಶಾಂತವಾಗಿದ್ದರು. "ಹುಳದ್ದು ಇರಬಹುದು. ಮಲ ನೋಡು" ಎಂದರು. ಮೂರು ದಿನ ಬಿಡದೆ ನೋಡಿದೆ. ಜಂತುವಿನ ಮೊಟ್ಟೆ ಇಲ್ಲ, ಕೊಕ್ಕೆಹುಳದ ಮೊಟ್ಟೆ ಇಲ್ಲ, ಏನೂ ಇಲ್ಲ. ಹೊಟ್ಟೆಹುಳದ ಮಾತ್ರೆ ಕೊಟ್ಟು ನೋಡಿದರು. ಜ್ವರ ಜಗ್ಗಲಿಲ್ಲ.

ಆಗ ಅವರು ನನ್ನನ್ನೂ ಮಗಳನ್ನೂ ಎದುರಿಗೆ ಕೂರಿಸಿಕೊಂಡು ಒಂದೊಂದಾಗಿ ಕೇಳಿದರು. ಮನೆಯಲ್ಲಿ ನಾಯಿ ಇದೆಯೇ? ಬರಿಗಾಲಲ್ಲಿ ಗದ್ದೆಗೆ ಇಳಿಯುತ್ತಾಳೆಯೇ? ಅರೆಬೆಂದ ಮೀನು, ಏಡಿ? ಎಲ್ಲದಕ್ಕೂ ನಾನೇ ಉತ್ತರ ಕೊಟ್ಟೆ.

"ನೀರಿನ ಬದಿ ಬೆಳೆಯೋ ಹಸಿ ಸೊಪ್ಪು ಏನಾದ್ರೂ ತಿಂತಾಳಾ?"

"ಇಲ್ಲ."

"ಸರಿಯಾಗಿ ಯೋಚನೆ ಮಾಡಿ ಹೇಳು. ಹಸಿ ಸೊಪ್ಪು?"

"ಹಸಿ ಸೊಪ್ಪು ತಿನ್ನಕೆ ನಾವೇನು ದನವಾ ಡಾಕ್ಟ್ರೆ?" ಎಂದೆ. ಅವರು ನಕ್ಕರು, ಬೇರೆ ಪ್ರಶ್ನೆಗೆ ಹೋದರು.

ದೇವರಾಣೆಗೂ ನಾನು ಸುಳ್ಳು ಹೇಳಲಿಲ್ಲ. ಸೊಪ್ಪು ಎಂದರೆ ನನಗೆ ಹರಿವೆ, ಬಸಳೆ, ಪಲ್ಯಕ್ಕೆ ಹೆಚ್ಚುವುದು, ಹುಳಿಗೆ ಹಾಕುವುದು. ಒಂದೆಲಗ ಸೊಪ್ಪಲ್ಲ, ಮದ್ದು. ಬೆಳಿಗ್ಗೆಯಷ್ಟೇ ಅದರ ಉಂಡೆ ಅವಳ ಬಾಯಿಗೆ ಹಾಕಿ ಬಸ್ಸು ಹತ್ತಿದ್ದೆ. ಪ್ರಶ್ನೆ ಕಿವಿಗೆ ಬಿದ್ದಾಗ ಅದು ಮನಸ್ಸಿಗೆ ಬರಲೇ ಇಲ್ಲ.

ಶಿರಸಿಗೆ ಕರೆದುಕೊಂಡು ಹೋಗಿ ಸ್ಕ್ಯಾನಿಂಗ್ ಮಾಡಿಸಿದೆವು. ಲಿವರಿನಲ್ಲಿ ಅಲ್ಲಲ್ಲಿ ಕಪ್ಪು ಕಲೆ ಎಂದರು. ಮರುದಿನ ದೊಡ್ಡ ಸ್ಕ್ಯಾನಿಂಗ್. ಅದರ ವರದಿಯನ್ನು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ನಾನೇ ಓದಿದೆ. ಬೇರೆ ಎಲ್ಲಿಂದಲೋ ಹರಡಿದ ಗಡ್ಡೆಗಳಿರುವ ಸಾಧ್ಯತೆ, ಸೂಜಿಯಿಂದ ತುಣುಕು ತೆಗೆದು ಪರೀಕ್ಷಿಸಬೇಕು ಎಂದು ಬರೆದಿತ್ತು. ಪಕ್ಕದಲ್ಲಿ ಮಗಳು ಕಬ್ಬಿನಹಾಲು ಬೇಕು ಎಂದಳು. ಹದಿನೇಳು ವರ್ಷದ ಹುಡುಗಿ. ತಂದುಕೊಟ್ಟೆ, ಅವಳು ಕುಡಿಯುವುದನ್ನು ನೋಡಲಾಗದೆ ಬಸ್ಸಿನ ಬೋರ್ಡುಗಳನ್ನು ಓದುತ್ತ ನಿಂತೆ.

"ಎಂತಾ ಬರೆದಿದ್ದಾರೆ ಅಮ್ಮಾ?"

"ಎಂತಾ ಇಲ್ಲ. ಲಿವರ್ ಬಾತಿದೆ ಅಷ್ಟೇ."

"ಮತ್ತೆ ನಿನ್ನ ಮುಖ ಎಂತಕ್ಕೆ ಹಾಗಿದೆ?"

"ನನ್ನ ಮುಖ ಹುಟ್ಟಿದಾಗಿಂದ ಹೀಗೇ. ಸುಮ್ಮನೆ ಕುಡಿ."

ನನ್ನ ಗಂಡ ಮಾತು ಕಡಿಮೆಯವರು. ವರದಿಯ ವಿಷಯ ಕೇಳಿ ಕೊಟ್ಟಿಗೆಗೆ ಹೋದವರು ಒಂದು ತಾಸು ಈಚೆ ಬರಲಿಲ್ಲ. ಬಂದವರು, ನಾಳೆಯಿಂದ ಮನೆಯಲ್ಲಿ ಮೀನು ಬೇಡ ಎಂದರು. ಮೀನು ಬಿಟ್ಟೆವು, ಕೋಳಿ ಬಿಟ್ಟೆವು. ಯಲ್ಲಾಪುರದಿಂದ ನನ್ನ ನಾದಿನಿ ದಿನಾ ಫೋನು ಮಾಡಿ, "ಲಿವರಿಗೆ ತಂಪು ಮಾಡ್ಬೇಕು ಅತ್ತಿಗೆ, ಉಷ್ಣ ಹೆಚ್ಚಾಗಿದೆ ಅದ್ಕೆ" ಎನ್ನುತ್ತಿದ್ದಳು. ತಂಪಿಗೆ ಒಂದೆಲಗಕ್ಕಿಂತ ಬೇಕೇ? ಬೆಳಿಗ್ಗೆ ಒಂದು ಉಂಡೆ ಕೊಡುತ್ತಿದ್ದವಳು ಸಂಜೆಯೂ ಒಂದು ಕೊಡತೊಡಗಿದೆ.

ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಸೂಜಿಯ ಪರೀಕ್ಷೆಗೆ ಮಂಗಳವಾರ ಬನ್ನಿ ಎಂದಿದ್ದರು. ಯಲ್ಲಾಪುರದ ಮೇಲೆ ಹೋಗಿ, ನಾದಿನಿಯ ಮನೆಯಲ್ಲಿ ಉಳಿದು, ಬೆಳಿಗ್ಗೆ ಹೊರಡುವುದು ಎಂದಾಯಿತು. ಅದಕ್ಕೆ ಮೊದಲಿನ ಶನಿವಾರ ನಾನು ಕೆಲಸಕ್ಕೆ ಹೋಗಿದ್ದೆ. ಮನೆಯಲ್ಲಿದ್ದರೆ ಅವಳ ಮುಖ ನೋಡುತ್ತ ಕೂರಬೇಕು, ಅದು ನನ್ನಿಂದಾಗುತ್ತಿರಲಿಲ್ಲ. ಅವತ್ತು ಸಕ್ಕರೆ ಪರೀಕ್ಷೆಗೆ ದನದ ಡಾಕ್ಟರು ಬಂದರು. ಹುಬ್ಬಳ್ಳಿ ಕಡೆಯವರು, ಈ ಸೀಮೆಗೆ ಬಂದು ಹತ್ತು ವರ್ಷವಾದರೂ ಮಾತು ಮಾತ್ರ ಅಲ್ಲಿಯದೇ. ನನ್ನ ಬೈಗುಳಕ್ಕೆ ನಗುವ ಗಿರಾಕಿ ಅವರೊಬ್ಬರೇ.

"ಯಾಕ್ರಿ ಅಕ್ಕಾರ, ಇವತ್ತು ಬೈಗಳಿಲ್ಲ? ಆರಾಮ ಇಲ್ಲೇನ್ರಿ?" ಎಂದರು.

ಅಷ್ಟಕ್ಕೇ ನನಗೆ ಅಳು ಬಂತು. ಚುಚ್ಚಿದ ಬೆರಳಿಗೆ ಒತ್ತಿದ್ದ ಹತ್ತಿಯನ್ನು ಅವರ ಕೈಯಲ್ಲೇ ಬಿಟ್ಟು ಎಲ್ಲ ಹೇಳಿದೆ. ಮೇಜಿನ ಮೇಲೆ ಸ್ಕ್ಯಾನಿಂಗ್ ಫಿಲ್ಮು ಇತ್ತು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನಾ ಮನುಷ್ಯಾರ ಡಾಕ್ಟರ್ ಅಲ್ರಿ, ತಪ್ಪಿದ್ರ ತಪ್ಪು. ಆದ್ರ ಇವು ಗಂಟಿನಂಗ ದುಂಡಗಿಲ್ಲ. ಹಾದಿ ಇದ್ದಂಗ ಅದಾವು. ಏನೋ ಕೊರಕೊಂತ ಹೋದಂಗ."

"ಎಂತದು ಕೊರೆಯದು?"

"ಚಪ್ಪಟಿ ಹುಳ. ಎಲಿ ಆಕಾರದ್ದು. ಇಲ್ಲಿ ದನದ ಲಿವರಿನಾಗ ದಿನಾ ನೋಡ್ತೀನಿ. ಹುಡುಗಿ ಗದ್ದಿ ಬದುವಿನ ಹಸಿ ಸೊಪ್ಪು ತಿಂತಾಳೇನ್ರಿ?"

"ನಮ್ಮ ಡಾಕ್ಟ್ರೂ ಕೇಳಿದ್ರು. ಇಲ್ಲ."

ಅವರು ಫಿಲ್ಮು ಕೆಳಗಿಟ್ಟರು. ಹೊರಟೇಬಿಡುತ್ತಾರೆ ಎಂದುಕೊಂಡೆ. ಬಾಗಿಲ ಹತ್ತಿರ ನಿಂತು ತಿರುಗಿದರು.

"ಈ ಕಡೆ ಪರೀಕ್ಷೆ ಬರಿಯೋ ಮಕ್ಕಳಿಗೆ ಏನೋ ಅರದು ಕೊಡ್ತಾರಲ್ರಿ ಮನಿಯಾಗ, ಬುದ್ಧಿಗಿ ಅಂತ? ಏನ್ರಿ ಅದು?"

"ಒಂದೆಲಗ" ಎಂದೆ.

ಹೇಳಿ ಮುಗಿಯುವುದರೊಳಗೆ ನನಗೆ ಗೊತ್ತಾಯಿತು. ಎಲ್ಲಿಂದ ಕೀಳುತ್ತೀರಿ ಎಂದರು, ಹೇಳಿದೆ. ಕಾಲುವೆಗೆ ದನ ಇಳಿಯುತ್ತವೆಯೇ ಎಂದರು, ಕೊಯ್ಲು ಮುಗಿದ ಮೇಲೆ ಊರಿನ ದನವೆಲ್ಲ ಅಲ್ಲೇ ಎಂದೆ. ಬೇಯಿಸುತ್ತೀರಾ ಎಂದರು. ತಲೆ ಅಲ್ಲಾಡಿಸಿದೆ. ಅವರು ಕೂತು ನಿಧಾನವಾಗಿ ಬಿಡಿಸಿ ಹೇಳಿದರು. ರೋಗದ ದನ ಸಗಣಿ ಹಾಕಿದರೆ ಅದರಲ್ಲಿ ಹುಳದ ಮೊಟ್ಟೆ. ಅದು ನೀರಿಗೆ ಬಿದ್ದು, ಮರಿಯೊಡೆದು, ಕಾಲುವೆಯ ಸಣ್ಣ ಬಸವನಹುಳದ ಮೈಯೊಳಗೆ ಹೊಕ್ಕು, ಬೆಳೆದು, ಹೊರಬಂದು, ನೀರಂಚಿನ ಎಲೆಗೆ ಕಣ್ಣಿಗೆ ಕಾಣದ ಹಾಗೆ ಅಂಟಿ ಕೂರುತ್ತದೆ. ಎಷ್ಟು ಜಾಲಿಸಿದರೂ ಹೋಗುವುದಿಲ್ಲ. ಆ ಎಲೆಯನ್ನು ಹಸಿಯಾಗಿ ತಿಂದವರ ಕರುಳು ತೂತು ಮಾಡಿಕೊಂಡು ಲಿವರಿಗೆ ನುಗ್ಗುತ್ತದೆ.

"ಆದ್ರೆ ಮಲದಲ್ಲಿ ಮೊಟ್ಟೆ ಇಲ್ಲ. ನಾನೇ ಮೂರು ದಿನ ನೋಡಿದೀನಿ."

"ಇನ್ನೂ ಮರಿ ಅದಾವ್ರಿ. ಹುಳ ಬಲಿತು ಮೊಟ್ಟಿ ಇಡಾಕ ಮೂರ್ನಾಕು ತಿಂಗಳು ಬೇಕು. ಈಗ ನೋಡಿದ್ರ ಎಲ್ಲಿಂದ ಸಿಗಬೇಕು? ರಕ್ತದಾಗ ಬೇರೆ ಪರೀಕ್ಷೆ ಐತಿ, ಅದನ್ನ ಮಾಡಸ್ರಿ. ಮತ್ತ ನನ್ನ ಹತ್ರ ದನದ ಔಷಧ ಕೇಳಾಕ ಬರಬ್ಯಾಡ್ರಿ, ಅದನ್ನ ನಿಮ್ಮ ಡಾಕ್ಟರ್ ನೋಡ್ಕೋತಾರ."

ನಮ್ಮ ಡಾಕ್ಟರ ಕೋಣೆಗೆ ರೋಗಿ ಒಳಗಿದ್ದಾಗಲೇ ನುಗ್ಗಿದೆ. ಅವರು ಅಡಿಕೆ ತೋಟದ ಮನೆಯವರು. ದವಾಖಾನೆಯಲ್ಲಿ ಪೇಟೆಯ ಮಾತನ್ನೇ ಆಡುತ್ತಾರೆ, ಸಿಟ್ಟು ಬಂದಾಗ ಮಾತ್ರ ಮನೆಯ ಮಾತು ಹೊರಬರುತ್ತದೆ.

"ಆನು ಎರಡು ಸಲ ಕೇಳಿದ್ದಿ! ಎರಡು ಸಲವೂ ಇಲ್ಲೆ ಹೇಳಿದ್ದೆ ನೀನು!" ಎಂದು ಮೇಜು ಕುಟ್ಟಿದರು. ತಾವು ಎರಡು ಸಲ ಕೇಳಿದ್ದೂ, ಎರಡು ಸಲವೂ ನಾನು ಇಲ್ಲ ಎಂದದ್ದೂ ನಿಜವೇ. ಇಪ್ಪತ್ತು ವರ್ಷದಲ್ಲಿ ಅವರು ನನಗೆ ಬೈದದ್ದು ಅದೊಂದೇ ಸಲ. ಆಮೇಲೆ ತಾವೇ ಹುಬ್ಬಳ್ಳಿಗೆ ಫೋನು ಹಚ್ಚಿ, ಸೂಜಿಯ ಪರೀಕ್ಷೆಯನ್ನು ಮುಂದೆ ಹಾಕಿಸಿ, ಮಗಳ ರಕ್ತವನ್ನು ದೂರದ ಒಂದು ಪ್ರಯೋಗಾಲಯಕ್ಕೆ ಕಳಿಸುವ ವ್ಯವಸ್ಥೆ ಮಾಡಿದರು. ಫಲಿತಾಂಶಕ್ಕೆ ಎಂಟು ದಿನ ಎಂದರು.

ಆ ಎಂಟು ದಿನ ಹೇಗೆ ಕಳೆದೆನೋ ನನಗೇ ತಿಳಿಯದು. ಹುಳ ಎಂದು ಬಂದರೆ ನನ್ನ ಕೈಯಾರೆ ತಿನ್ನಿಸಿದ ವಿಷ. ಹುಳ ಅಲ್ಲ ಎಂದು ಬಂದರೆ ಗಡ್ಡೆ. ಮಗಳ ಹೊಟ್ಟೆಯಲ್ಲಿ ಹುಳ ಇರಲಿ, ಹುಳವೇ ಇರಲಿ ಎಂದು ದೇವರ ಗೂಡಿನ ಮುಂದೆ ನಿಂತು ಬೇಡಿದ ತಾಯಿ ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ನನ್ನ ರಕ್ತವನ್ನೂ ಗಂಡನ ರಕ್ತವನ್ನೂ ನೋಡಿದೆ. ಎರಡೂ ಚೊಕ್ಕವಾಗಿದ್ದವು. ಅದನ್ನು ನೋಡಿ ಸಮಾಧಾನವಾಗುವ ಬದಲು ಮುಖ ಮುಚ್ಚಿಕೊಳ್ಳುವಷ್ಟು ನಾಚಿಕೆಯಾಯಿತು.

ಒಂದು ಮಧ್ಯಾಹ್ನ ರಜೆ ಹಾಕಿ ಕಾಲುವೆಗೆ ಹೋದೆ. ದಿನಾ ಹೋಗುವ ಜಾಗವೇ, ಅವತ್ತು ಮಾತ್ರ ಕಣ್ಣು ಬಿಟ್ಟು ನೋಡಿದೆ. ಮೇಲುಗಡೆ ಎರಡು ಎಮ್ಮೆ ನೀರಲ್ಲಿ ಬಿದ್ದುಕೊಂಡಿದ್ದವು. ಸಗಣಿ ಕರಗಿ ಹಸಿರಾಗಿ ಹರಿದು ನಾನು ಸೊಪ್ಪು ಜಾಲಿಸುವ ಕಲ್ಲಿಗೇ ಬರುತ್ತಿತ್ತು. ಬಗ್ಗಿ ನೋಡಿದರೆ ದಂಟಿನ ಬುಡದಲ್ಲಿ ಜೀರಿಗೆಯಷ್ಟು, ಹೆಸರುಕಾಳಿನಷ್ಟು ಬಸವನಹುಳಗಳು. ಮಕ್ಕಳು ಆಡಿಕೊಳ್ಳಲು ಹೆಕ್ಕುವಂಥವು. ಕೂತು ಒಂದೆಲಗವನ್ನು ಬೇರುಸಹಿತ ಕೀಳತೊಡಗಿದೆ. ಉಗುರಿನಲ್ಲಿ ಮಣ್ಣು ಹೋಗಿ ರಕ್ತ ಬಂದರೂ ಬಿಡಲಿಲ್ಲ. ಒಂದು ಮಾರು ಕಿತ್ತರೆ ಮುಂದೆ ಹತ್ತು ಮಾರು.

ಗಂಡ ಬಂದು ಹಿಂದೆ ನಿಂತರು. "ಎಂತಾ ಮಾಡ್ತಿದ್ಯೆ?"

ಅವರಿಗೆ ಅಲ್ಲಿಯವರೆಗೆ ಪೂರ್ತಿ ಹೇಳಿರಲಿಲ್ಲ. ಹೇಳಿದೆ. ಬೈಯಲಿ, ಎರಡು ಹೊಡೆದರೂ ಹೊಡೆಯಲಿ ಎಂದು ಕಾದೆ. ಅವರು ಎಮ್ಮೆಗಳ ಕಡೆ ನೋಡಿ, "ಅದ್ರಲ್ಲಿ ಒಂದು ನಮ್ಮದೇ. ಹೋದ ಮಳೆಗಾಲ ಗದ್ದ ಬಾತಿತ್ತು. ಮದ್ದು ಹಾಕ್ಸುವ ಹಾಕ್ಸುವ ಅಂತ ಬಿಟ್ಟೆ" ಎಂದರು. ಗದ್ದ ಬಾಯುವುದು ದನಕ್ಕೆ ಆ ಹುಳ ಹಿಡಿದ ಗುರುತು ಎಂದು ನನಗೆ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು. ಇಬ್ಬರೂ ಸೇರಿ ಕತ್ತಲಾಗುವವರೆಗೆ ಕಿತ್ತೆವು.

ಒಂಬತ್ತನೆಯ ದಿನ ಫಲಿತಾಂಶ ಬಂತು. ಹುಳವೇ. ಡಾಕ್ಟರು ಕಾಗದವನ್ನು ನನ್ನ ಕೈಗೆ ಕೊಟ್ಟು, "ಈಗ ಅಳು" ಎಂದರು. ಅತ್ತೆ.

ಮಾತ್ರೆ ಈ ಕಡೆ ಯಾವ ಅಂಗಡಿಯಲ್ಲೂ ಸಿಗುವಂಥದ್ದಲ್ಲ. ಡಾಕ್ಟರು ಯಾರ್ಯಾರಿಗೋ ಹೇಳಿ ದೂರದಿಂದ ತರಿಸಿದರು. ಊಟದ ಜೊತೆ ಒಂದು ಸಲ, ಹನ್ನೆರಡು ತಾಸು ಬಿಟ್ಟು ಇನ್ನೊಂದು ಸಲ, ಅಷ್ಟೇ. ಇಷ್ಟು ದಿನದ ನರಕಕ್ಕೆ ಇಷ್ಟೇ ಇಷ್ಟು ಮದ್ದೇ ಎನಿಸಿತು. ನಾಲ್ಕನೆಯ ದಿನ ಅವಳಿಗೆ ಪಕ್ಕೆಯಲ್ಲಿ ಎಂಥ ನೋವು ಬಂತೆಂದರೆ ನೆಲದ ಮೇಲೆ ಹೊರಳಾಡಿದಳು. ಮುಗಿಯಿತು, ಮಾತ್ರೆಯೂ ನನ್ನ ಒಂದೆಲಗದ ಹಾಗೇ ಆಯಿತು ಎಂದು ನಾನು ಕಿರುಚಿದೆ. ಹುಳ ಸತ್ತು ಪಿತ್ತನಾಳದಲ್ಲಿ ಇಳಿಯುವಾಗ ಹೀಗಾಗಬಹುದು, ಒಂದು ದಿನ ನೋಡು ಎಂದರು ಡಾಕ್ಟರು. ಮರುದಿನ ನೋವು ಇಳಿಯಿತು. ವಾರದಲ್ಲಿ ಜ್ವರ ಬಿಟ್ಟಿತು. ಮಾರ್ಚಿನಲ್ಲಿ ಒಣಗಿದ ಕಡ್ಡಿಯಂತಿದ್ದ ಹುಡುಗಿ ಹೋಗಿ ಪರೀಕ್ಷೆ ಬರೆದಳು, ಪಾಸೂ ಆದಳು.

ಮೇ ತಿಂಗಳಲ್ಲಿ ಕೊನೆಯ ಸಲ ರಕ್ತ ನೋಡಲು ಅವಳನ್ನು ದವಾಖಾನೆಗೆ ಕರೆತಂದೆ. ನೂರು ಕಣದಲ್ಲಿ ಕೇಸರಿ ಕಾಳಿನವು ಐದು. ಮತ್ತೊಂದು ಗಾಜು ನೋಡಿದೆ, ಆರು. ಲಿವರಿನ ಕಲೆಗಳೂ ಮಾಸುತ್ತಿವೆ ಎಂದು ಶಿರಸಿಯಲ್ಲಿ ಹೇಳಿದ್ದರು. ಸಂಜೆಯ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಎಷ್ಟೋ ತಿಂಗಳ ಮೇಲೆ ನನಗೆ ಮಾತಾಡುವ ಉಮೇದು ಬಂದಿತ್ತು. ದನದ ಡಾಕ್ಟರು ಅವತ್ತು ಸಕ್ಕರೆ ಪರೀಕ್ಷೆಗೆ ಬರದೇ ಇದ್ದಿದ್ದರೆ ಏನು ಗತಿಯಾಗುತ್ತಿತ್ತು, ಸುಮ್ಮನೆ ಸೂಜಿ ಚುಚ್ಚಿಸಿಕೊಳ್ಳಬೇಕಿತ್ತಲ್ಲ, ಆ ಒಂದೆಲಗ ನನಗಾದರೂ ನೆನಪಾಗಬಾರದಿತ್ತೇ ಎಂದು ಒಂದೇ ಸಮನೆ ಹೇಳುತ್ತಿದ್ದೆ.

ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. "ನಂಗೆ ನೆನಪಾಗಿತ್ತು" ಎಂದಳು.

"ಎಂತದು?"

"ಡಾಕ್ಟ್ರು ಹಸಿ ಸೊಪ್ಪು ಅಂತ ಕೇಳಿದ್ರಲ್ಲ, ಆಗ್ಲೇ. ಬೆಳಿಗ್ಗೆ ತಿಂದಿದ್ದು ಇನ್ನೂ ಬಾಯಲ್ಲಿ ಕಹಿ ಇತ್ತು. ಹೇಳುವ ಅಂತ ಬಾಯಿ ತೆಗೆದೆ. ನೀನು ತಿರುಗಿ ನೋಡಿದೆ."

ನನಗೆ ನೆನಪಿಲ್ಲ. ಎಷ್ಟು ನೆನಪಿಸಿಕೊಂಡರೂ ಆ ಕೋಣೆಯಲ್ಲಿ ನಾನು ಅವಳ ಕಡೆ ತಿರುಗಿದ್ದು ನೆನಪಿಗೆ ಬರಲಿಲ್ಲ.

"ಹಾಗಾದ್ರೆ ಆಮೇಲಾದ್ರೂ ಹೇಳ್ಬೇಕಿತ್ತಲ್ಲೇ? ಶಿರಸಿಗೆ ಹೋಗಿ ಬಂದ್ವಿ, ಸಂಜೆನೂ ಉಂಡೆ ಕೊಟ್ಟೆ, ಆಗ್ಲೂ ಸುಮ್ಮನೆ ನುಂಗಿದ್ಯಲ್ಲ. ಎಂತಕ್ಕೆ ಹೇಳ್ಲಿಲ್ಲ?"

"ಹೆದ್ರಿಕೆ ಆಗಿತ್ತು."

"ಕಾಯಿಲೆಗಾ?"

"ಅಲ್ಲ" ಎಂದಳು. "ನಿಂಗೆ."